ಕಟಕಟೆಯಲ್ಲಿ ನಿಂತದ್ದು ಹಡಗು

ನಮ್ಮ ಕೇರಿಯಲ್ಲಿ ಕೋರ್ಟು ಅಂದರೆ ನ್ಯಾಯ ಸಿಗುವ ಜಾಗ ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೋರ್ಟು ಅಂದರೆ ಎಳಕೊಂಡು ಹೋಗುವ ಜಾಗ. ನಾವು ಚಿಕ್ಕವರಿದ್ದಾಗ ಕೆರೆ ಏರಿ ಮೇಲೆ ನಡೆದ ಒಂದು ಹೊಡೆತದ ಕೇಸು ದಾಖಲಾಗಿತ್ತು. ಏಟು ತಿಂದವರು ನಮ್ಮವರು, ಕಂಡವರೂ ನಮ್ಮವರೇ. ಸಾಕ್ಷಿ ಹೇಳುವ ದಿನದ ಹಿಂದಿನ ರಾತ್ರಿ ಕಂಡವರೆಲ್ಲ ಹೋಗಿ ಜೋಳದ ಹೊಲ ಸೇರಿಕೊಂಡರು. ಬೆಳಗಾದ ಮೇಲೆ ವ್ಯಾನು ಬಂತು. ಬೈದು, ರೆಟ್ಟೆ ಹಿಡಿದು, ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಹೋದರು. ಕಾನೂನು ಅವರ ಪರವಾಗಿಯೇ ಇತ್ತು. ಆದರೂ ಯಾಕೆ ಓಡಿಹೋದರು ಅಂತ ಓದಿದವರು ಕೇಳುತ್ತಾರೆ. ಕೇರಿಯವರು ಯಾರೂ ಕೇಳಲಿಲ್ಲ.

ಈ ಮಾತನ್ನು ಇಲ್ಲಿ ಯಾಕೆ ತೆಗೆದೆವು ಅಂದರೆ, ಇತ್ತೀಚೆಗೆ ಎರಡು ಇಂಗ್ಲಿಷ್ ಪುಸ್ತಕಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆವು. ಒಂದು, ಅಮೆರಿಕದ ಕಾನೂನು ಪ್ರಾಧ್ಯಾಪಕಿ ಜೆನ್ನಿ ಮಾರ್ಟಿನೆಜ್ 2012ರಲ್ಲಿ ಬರೆದದ್ದು. ಗುಲಾಮರ ಸಾಗಣೆಗೂ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನಿನ ಹುಟ್ಟಿಗೂ ಇರುವ ಸಂಬಂಧ ಅದರ ವಸ್ತು. ಇನ್ನೊಂದು, ಗ್ಯಾರಿ ಬಾಸ್ 2008ರಲ್ಲಿ ಬರೆದದ್ದು. ಮಾನವೀಯತೆಯ ಹೆಸರಿನಲ್ಲಿ ಒಂದು ದೇಶ ಇನ್ನೊಂದು ದೇಶದೊಳಗೆ ಸೈನ್ಯ ನುಗ್ಗಿಸುವುದು ಎಲ್ಲಿಂದ ಶುರುವಾಯಿತು ಅನ್ನೋದು ಅದರ ವಸ್ತು. ಎರಡೂ ಒಳ್ಳೆಯ ಪುಸ್ತಕಗಳು ಅಂತ ಮೊದಲೇ ಹೇಳಿಬಿಡುತ್ತೇವೆ. ಇವರಿಬ್ಬರೂ ದೊರೆಗಳ ಭಟ್ಟಂಗಿಗಳಲ್ಲ. ನಮ್ಮ ತಕರಾರು ಬೇರೆ ಕಡೆ ಇದೆ.

ಅಂತರರಾಷ್ಟ್ರೀಯ ನ್ಯಾಯಾಲಯ ಅಂದಕೂಡಲೆ ಎಲ್ಲರೂ 1945ರ ನ್ಯೂರೆಂಬರ್ಗಿನ ಕಡೆ ಬೆರಳು ತೋರಿಸುತ್ತಾರೆ. ನಾಜಿಗಳನ್ನು ಕೂರಿಸಿ ವಿಚಾರಿಸಿದ್ದೇ ಮೊದಲು ಅನ್ನುತ್ತಾರೆ. ಮಾರ್ಟಿನೆಜ್ ಹೇಳುವುದು ಹಾಗಲ್ಲ. ಅದಕ್ಕಿಂತ 125 ವರ್ಷಕ್ಕೂ ಹಿಂದೆಯೇ ಇಂಥ ಕೋರ್ಟುಗಳು ನಡೆದಿದ್ದವು, ಅವು ಆಫ್ರಿಕದ ಗುಲಾಮರನ್ನು ಬಿಡಿಸಲು ಹುಟ್ಟಿದ್ದವು, ಜಗತ್ತು ಅವನ್ನು ಮರೆತುಬಿಟ್ಟಿದೆ ಅನ್ನುವುದು ಆಕೆಯ ವಾದ. ಮರೆತದ್ದು ನಿಜ. ನಮಗೂ ಗೊತ್ತಿರಲಿಲ್ಲ. ಬಿ.ಎ. ಚರಿತ್ರೆಯಲ್ಲಿ ವಿಯೆನ್ನಾ ಕಾಂಗ್ರೆಸ್ಸನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೇವೆ. 1815ರ ಫೆಬ್ರವರಿಯಲ್ಲಿ ಅದೇ ಸಭೆ ಗುಲಾಮರ ಸಾಗಣೆ ಮಾನವೀಯತೆಗೆ ವಿರುದ್ಧ ಅಂತ ಘೋಷಣೆ ಹೊರಡಿಸಿದ್ದನ್ನು ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ.

ಘೋಷಣೆ ಏನೋ ಆಯ್ತು. ಹಡಗು ಹಿಡಿಯುವವರು ಯಾರು? ಇಂಗ್ಲೆಂಡ್ 1807ರಲ್ಲಿ ತನ್ನ ಹಡಗುಗಳಿಗೆ ಈ ವ್ಯಾಪಾರ ನಿಷೇಧಿಸಿತು. ಫ್ರಾನ್ಸಿನ ಜೊತೆ ಯುದ್ಧ ನಡೆಯುವಷ್ಟು ದಿನ ಶತ್ರುವಿನ ಹಡಗು ಅಂತ ಬೇರೆಯವರದ್ದನ್ನೂ ಹಿಡಿಯುತ್ತಿತ್ತು. ಯುದ್ಧ ಮುಗಿಯಿತು. ‘ಲೂಯಿ’ ಎಂಬ ಫ್ರೆಂಚ್ ಹಡಗನ್ನು ಹಿಡಿದಾಗ ಕೇಸು ಲಂಡನ್ನಿಗೆ ಹೋಯಿತು. 1817ರಲ್ಲಿ ನ್ಯಾಯಾಧೀಶ ಸರ್ ವಿಲಿಯಂ ಸ್ಕಾಟ್ ಹಿಡಿದದ್ದೇ ತಪ್ಪು ಅಂದ. ಆಫ್ರಿಕದ ಬಿಡುಗಡೆಗಾಗಿ ಯುರೋಪಿನ ಇನ್ನೊಂದು ರಾಜ್ಯದ ಸ್ವಾತಂತ್ರ್ಯ ತುಳಿಯಲಾಗದು ಎಂಬರ್ಥದ ತೀರ್ಪು ಕೊಟ್ಟ. ಬೇರೆ ಬಾವುಟದ ಹಡಗು ಹತ್ತಬೇಕಾದರೆ ಆ ದೇಶದ ಒಪ್ಪಿಗೆ ಬೇಕು. ಹಾಗಾಗಿ ಒಪ್ಪಂದಗಳು ಬಂದವು: 1817ರಲ್ಲಿ ಪೋರ್ಚುಗಲ್ ಮತ್ತು ಸ್ಪೇನ್ ಜೊತೆ, 1818ರಲ್ಲಿ ನೆದರ್ಲೆಂಡ್ಸ್ ಜೊತೆ. ಸ್ಪೇನಿನ ರಾಜ ಪುಕ್ಕಟೆ ಒಪ್ಪಲಿಲ್ಲ, ನಾಲ್ಕು ಲಕ್ಷ ಪೌಂಡ್ ತಗೊಂಡ. ಧರ್ಮಕಾರ್ಯಕ್ಕೂ ದಕ್ಷಿಣೆ ಬೇಕಲ್ಲ.

ಈ ಒಪ್ಪಂದಗಳಿಂದ ಹುಟ್ಟಿದವು ‘ಮಿಶ್ರ ಆಯೋಗ’ ಎಂಬ ಕೋರ್ಟುಗಳು. ಆಫ್ರಿಕದ ಸಿಯೆರಾ ಲಿಯೋನ್‌ನ ಫ್ರೀಟೌನಿನಲ್ಲಿ, ಕ್ಯೂಬಾದ ಹವಾನಾದಲ್ಲಿ, ಬ್ರೆಜಿಲಿನ ರಿಯೋದಲ್ಲಿ, ಸುರಿನಾಮಿನಲ್ಲಿ ಮೊದಲು ಕೂತವು. ಎರಡೂ ದೇಶದಿಂದ ಒಬ್ಬೊಬ್ಬ ನ್ಯಾಯಾಧೀಶ, ಒಬ್ಬೊಬ್ಬ ಪಂಚ. ನ್ಯಾಯಾಧೀಶರಿಬ್ಬರಿಗೆ ಒಮ್ಮತ ಬರದಿದ್ದರೆ ಪಂಚರಲ್ಲಿ ಯಾರು ಕೂರಬೇಕು ಅಂತ ಚೀಟಿ ಎತ್ತುತ್ತಿದ್ದರು. ಮೇಲ್ಮನವಿ ಇಲ್ಲ. ಹಡಗು ಬಂದ ಇಪ್ಪತ್ತು ದಿನದೊಳಗೆ ತೀರ್ಪು ಕೊಡಬೇಕು ಅಂತ ನಿಯಮ. ನಮ್ಮ ತಾಲ್ಲೂಕು ಕೋರ್ಟುಗಳ ವಾಯಿದೆ ಕಂಡವರಿಗೆ ಇದೊಂದೇ ಪವಾಡದ ಹಾಗೆ ಕಾಣುತ್ತದೆ. 1819ರಿಂದ 1871ರವರೆಗೆ ಈ ಕೋರ್ಟುಗಳು 600ಕ್ಕೂ ಹೆಚ್ಚು ಕೇಸು ನಡೆಸಿ ಸುಮಾರು 80,000 ಜನರನ್ನು ಬಿಡಿಸಿದವು ಎಂದು ಮಾರ್ಟಿನೆಜ್ ಲೆಕ್ಕ ಕೊಡುತ್ತಾರೆ. ಹೆಚ್ಚಿನ ಕೇಸುಗಳೆಲ್ಲ ಫ್ರೀಟೌನಿನವು.

80,000 ಅನ್ನೋದನ್ನು ನಾವು ಹಗುರವಾಗಿ ದಾಟಿ ಹೋಗುವವರಲ್ಲ. ಅಟ್ಲಾಂಟಿಕ್ ಸಾಗರದ ಮೇಲೆ ಹಡಗಿಗೆ ತುಂಬಿದವರ ಒಟ್ಟು ಸಂಖ್ಯೆ ಒಂದು ಕೋಟಿ 25 ಲಕ್ಷದಷ್ಟು. ಅದರ ಮುಂದೆ ಇದು ಬಿಂದಿಗೆಯಲ್ಲಿ ಬೊಗಸೆ ನೀರು. ಆದರೆ ಹಡಗಿನ ತಳದಲ್ಲಿ ಮಲಮೂತ್ರದ ನಡುವೆ ಸರಪಳಿಯಲ್ಲಿ ಮಲಗಿದ್ದವನಿಗೆ ಬಾಗಿಲು ತೆಗೆದವನ ಉದ್ದೇಶ ಶುದ್ಧವೋ ಅಶುದ್ಧವೋ ಅಂತ ವಿಚಾರಿಸುವ ಪುರಸೊತ್ತು ಇರುವುದಿಲ್ಲ. ಇಂಗ್ಲಿಷರ ಲಾಭ ಇಂಥದ್ದು, ಅವರ ಒಳಸಂಚು ಇಂಥದ್ದು ಅಂತ ಬರೆದು ಅಷ್ಟಕ್ಕೇ ಮುಗಿಸುವ ವಿಮರ್ಶಕರು ನಮ್ಮಲ್ಲೂ ಇದ್ದಾರೆ. ಅವರು ಬಾಗಿಲ ಹೊರಗೆ ನಿಂತು ಮಾತಾಡುವವರು. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ನೀಗ್ರೋ ಗುಲಾಮಗಿರಿ ತೊಡೆದ ಅಮೆರಿಕದ ಸಜ್ಜನರಿಗೆ. ಆ ಬಿಡುಗಡೆಯಲ್ಲಿ ಶೂದ್ರಾತಿಶೂದ್ರರಿಗೂ ಒಂದು ದಾರಿ ಇದೆ ಅಂತ ನಮ್ಮ ಹಿರಿಯ ಕಂಡಿದ್ದ. ಅದನ್ನು ನಾವು ಮರೆತಿಲ್ಲ.

ಈಗ ತಕರಾರಿಗೆ ಬರೋಣ. ಮಾರ್ಟಿನೆಜ್ ಇವುಗಳನ್ನು ಮೊದಲ ಮಾನವ ಹಕ್ಕುಗಳ ಕೋರ್ಟು ಅನ್ನುತ್ತಾರೆ. ಹಾಗಾದರೆ ಆ ಕೇಸಿನಲ್ಲಿ ವಾದಿ ಯಾರು? ಪ್ರತಿವಾದಿ ಯಾರು?

ಪ್ರತಿವಾದಿ ಹಡಗು. ಕೇಸು ನಡೆದದ್ದೇ ಹಡಗಿನ ಮೇಲೆ. ಅದರ ಕಾಗದ ಸರಿಯೇ, ಬಾವುಟ ಯಾರದು, ಹಿಡಿದದ್ದು ಎಲ್ಲಿ, ಹಿಡಿದಾಗ ಒಳಗೆ ಗುಲಾಮರಿದ್ದರೇ? ತಪ್ಪು ರುಜುವಾತಾದರೆ ಹಡಗಿಗೆ ಶಿಕ್ಷೆ, ಅಂದರೆ ಜಪ್ತಿ, ಹರಾಜು. ಬಂದ ದುಡ್ಡು ಎರಡು ಸರ್ಕಾರಗಳ ಪಾಲು. ಹರಾಜಿನಲ್ಲಿ ಅದೇ ಹಡಗನ್ನು ಗುಲಾಮ ವ್ಯಾಪಾರಿಗಳ ಕಡೆಯವರೇ ಕೊಂಡು ಮತ್ತೆ ಅದೇ ದಂಧೆಗೆ ಇಳಿಸಿದ್ದೂ ಉಂಟು. 1835ರಲ್ಲಿ ಸ್ಪೇನಿನ ಜೊತೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ ಹಡಗನ್ನು ಒಡೆದೇ ಹಾಕಬೇಕು ಅಂತ ಬರೆದರು. ಇನ್ನು ಹಡಗಿನ ಕಪ್ತಾನ? ಅವನನ್ನು ಶಿಕ್ಷಿಸುವ ಅಧಿಕಾರ ಈ ಕೋರ್ಟಿಗೆ ಇರಲಿಲ್ಲ. ಅವನು ಅವನ ದೇಶಕ್ಕೆ ಬಿಟ್ಟ ವಿಷಯ. ಮರಕ್ಕೆ ಶಿಕ್ಷೆ, ಮನುಷ್ಯನಿಗೆ ಬಿಡುವು.

ಹಿಡಿದ ನಾವಿಕರಿಗೆ ತಲೆಗಿಷ್ಟು ಅಂತ ಇನಾಮು. 1807ರ ಇಂಗ್ಲಿಷ್ ಕಾನೂನಿನ ಪ್ರಕಾರ ಬಿಡಿಸಿದ ಗಂಡಸಿಗೆ 40 ಪೌಂಡ್, ಹೆಂಗಸಿಗೆ 30, ಮಗುವಿಗೆ 10. 1830ರ ಹೊತ್ತಿಗೆ ಯಾರಾದರೂ ಸರಿ ತಲೆಗೆ ಐದು ಪೌಂಡು ಅಂತ ಇಳಿಸಿದರು. ಮಾರುವವನೂ ತಲೆ ಎಣಿಸಿದ, ಬಿಡಿಸುವವನೂ ತಲೆ ಎಣಿಸಿದ. ಬಿಡಿಸಿಕೊಂಡವನ ಕೈಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ.

ಮೊದಲ ಒಪ್ಪಂದಗಳಲ್ಲಿ ಇನ್ನೊಂದು ಗುಂಡಿ ಇತ್ತು. ಹಿಡಿದ ಹೊತ್ತಿನಲ್ಲಿ ಹಡಗಿನೊಳಗೆ ಗುಲಾಮರು ಇದ್ದರೆ ಮಾತ್ರ ಅಪರಾಧ. ಸರಪಳಿ, ಕೋಳ, ನೂರಾರು ಜನಕ್ಕೆ ಅನ್ನ ಬೇಯಿಸುವ ಹಂಡೆ, ಲೆಕ್ಕಕ್ಕೆ ಮೀರಿದ ನೀರಿನ ಪೀಪಾಯಿ ಎಲ್ಲ ಇದ್ದರೂ ಜನ ಇರದಿದ್ದರೆ ಹಡಗು ನಿರಪರಾಧಿ. ದೂರದಲ್ಲಿ ಯುದ್ಧನೌಕೆ ಕಂಡಾಗ ಸರಪಳಿ ಸಮೇತ ಜನರನ್ನು ಸಮುದ್ರಕ್ಕೆ ನೂಕಿ ನಿರಪರಾಧಿಗಳಾದ ಕಪ್ತಾನರಿದ್ದರು. ಆಮೇಲೆ, 1835ರ ಒಪ್ಪಂದದಲ್ಲಿ, ಹಂಡೆ ಕೋಳಗಳೇ ಸಾಕ್ಷಿ ಅಂತ ಒಪ್ಪಿಕೊಂಡರು. ಹಂಡೆಯ ಸಾಕ್ಷಿ ಕೋರ್ಟಿಗೆ ಮಾನ್ಯವಾಗಲು ಎಷ್ಟು ಜನ ನೀರು ಕುಡಿದು ಸತ್ತರೋ.

ಪೋರ್ಚುಗಲ್ಲಿನ ಒಪ್ಪಂದದಲ್ಲಿ ಒಂದು ಗೆರೆಯೂ ಇತ್ತು, ಭೂಮಧ್ಯ ರೇಖೆ. ಅದರ ಉತ್ತರಕ್ಕೆ ಗುಲಾಮರನ್ನು ಸಾಗಿಸಿದರೆ ಅಪರಾಧ, ದಕ್ಷಿಣಕ್ಕೆ ಸಾಗಿಸಿದರೆ ವ್ಯಾಪಾರ. ನೀರಿನ ಮೇಲೆ ಕಾಣದ ಗೆರೆಯ ಈಚೆ ಮನುಷ್ಯ, ಆಚೆ ಸರಕು. ಊರು-ಕೇರಿಯ ನಡುವಿನ ಗೆರೆ ತುಳಿದು ಬೆಳೆದ ನಮಗೆ ಇದು ತಿಳಿಯದ ಭೂಗೋಳವೇನಲ್ಲ. 1833ರ ಕೊನೆಯಲ್ಲಿ ‘ಮರಿಯಾ ದ ಗ್ಲೋರಿಯಾ’ ಎಂಬ ಹಡಗನ್ನು ಬ್ರೆಜಿಲಿನ ಬಳಿ ಹಿಡಿದರು. ಒಳಗೆ ನಾನೂರಕ್ಕೂ ಹೆಚ್ಚು ಜನ, ಬಹಳಷ್ಟು ಮಕ್ಕಳು. ರಿಯೋ ಕೋರ್ಟು, ಇದು ಪೋರ್ಚುಗೀಸ್ ಹಡಗು, ನಮ್ಮ ವ್ಯಾಪ್ತಿಗೆ ಬರೋದಿಲ್ಲ, ಫ್ರೀಟೌನಿಗೆ ಒಯ್ಯಿರಿ ಅಂತು. ಬಂದ ಸಮುದ್ರವನ್ನೇ ಮತ್ತೆ ದಾಟಿ ಆಫ್ರಿಕಕ್ಕೆ ಹೋದರು. ಫ್ರೀಟೌನ್ ಕೋರ್ಟು, ಹಿಡಿದದ್ದು ಗೆರೆಯ ದಕ್ಷಿಣಕ್ಕೆ, ಆದ್ದರಿಂದ ಹಡಗು ಮಾಲೀಕನಿಗೆ ವಾಪಸ್ ಅಂತು. ಬದುಕಿ ಉಳಿದವರನ್ನು ಹೇರಿಕೊಂಡು ಹಡಗು ಮೂರನೇ ಸಲ ಸಾಗರ ದಾಟಿತು. ಎರಡು ಕೋರ್ಟೂ ಕಾನೂನು ಪ್ರಕಾರವೇ ನಡೆದುಕೊಂಡವು. ಮಾನವ ಹಕ್ಕುಗಳ ಕೋರ್ಟು ಎಂಬ ಹೆಸರನ್ನು ಬಾಗಿಲ ಮೇಲೆ ಬರೆಯುವ ಮೊದಲು ಈ ಒಂದು ಕೇಸನ್ನು ಓದಬೇಕು.

ಅಲ್ಲಿ ಬಿಡುಗಡೆಯಾದವರು ಏನು ಕಂಡರು, ಏನು ಅಂದುಕೊಂಡರು? ಫ್ರೀಟೌನಿನ ದಫ್ತರಗಳಲ್ಲಿ ಸಾಲು ಸಾಲು ನೋಂದಣಿ ಪುಸ್ತಕಗಳಿವೆ. ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತು. ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಬರೆದ ಹೆಸರುಗಳು. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ ಹೆಸರು ಬರೆದುಕೊಂಡು, ಹುಟ್ಟಿದ ದಿನ ಜೂನ್ ಒಂದು ಅಂತ ಹಾಕಿದ ಮಕ್ಕಳಿಗೆ ಈ ಪುಸ್ತಕ ಹೇಗಿದ್ದೀತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಒಬ್ಬ ಹುಡುಗ ದೊಡ್ಡವನಾಗಿ ತನ್ನ ಕಥೆಯನ್ನು ತಾನೇ ಬರೆದ. ಅವನ ಹೆಸರು ಅಜಾಯಿ. ಜಗತ್ತು ಅವನನ್ನು ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್ ಅಂತ ಕರೆಯಿತು.

ಯೊರುಬಾ ನಾಡಿನ ಒಶೊಗುನ್ ಎಂಬ ಊರು. 1821ರಲ್ಲಿ ದಾಳಿಕೋರರು ಊರು ಸುಟ್ಟು ತಾಯಿ, ತಂಗಿಯರ ಜೊತೆ ಈ ಹುಡುಗನನ್ನೂ ಕೊರಳಿಗೆ ಹಗ್ಗ ಕಟ್ಟಿ ಎಳೆದರು. ಆಗ ವಯಸ್ಸು ಹದಿಮೂರು ಹದಿನಾಲ್ಕು. ಅವನನ್ನು ಒಮ್ಮೆ ಒಂದು ಕುದುರೆಗೆ ಬದಲಾಗಿ ಕೊಟ್ಟರು. ಕೈಯಿಂದ ಕೈಗೆ ದಾಟಿ ಕೊನೆಗೆ ಲಾಗೋಸಿನಲ್ಲಿ ಪೋರ್ಚುಗೀಸರ ಪಾಲಾದ. 1822ರ ಏಪ್ರಿಲಿನಲ್ಲಿ ಅವನಿದ್ದ ‘ಎಸ್ಪೆರಾನ್ಸಾ ಫೆಲಿಜ್’ ಹಡಗನ್ನು ಇಂಗ್ಲಿಷ್ ಯುದ್ಧನೌಕೆಗಳು ಹಿಡಿದವು. ಆ ಹೆಸರಿನ ಅರ್ಥ ‘ಸಂತೋಷದ ಭರವಸೆ’ ಅಂತ! ಪುಸ್ತಕಗಳ ಪ್ರಕಾರ ಇದು ಬಿಡುಗಡೆಯ ಕ್ಷಣ. ಹುಡುಗರಿಗೆ ಕಂಡದ್ದು ಬೇರೆ. ಯುದ್ಧನೌಕೆಯ ಮೇಲೆ ಹಂದಿಯ ಮಾಂಸ ನೇತುಹಾಕಿದ್ದರು, ಫಿರಂಗಿ ಗುಂಡುಗಳನ್ನು ಸಾಲಾಗಿ ಜೋಡಿಸಿದ್ದರು. ಆ ಮಾಂಸ ತಮಗಿಂತ ಮೊದಲು ಹೋದವರದು, ಆ ಗುಂಡುಗಳು ಅವರ ತಲೆಗಳು ಅಂತ ಹುಡುಗರು ನಡುಗಿಹೋದರು. ಹತ್ತಿರ ಹೋಗಿ ನೋಡಿದ ಮೇಲೆ ಭಯ ಬಿಟ್ಟಿತು. ಆಮೇಲೆ ಅದೇ ನೌಕೆಯಲ್ಲಿ ಸೆರೆಯಾಳಾಗಿದ್ದ ತಮ್ಮ ಪೋರ್ಚುಗೀಸ್ ಒಡೆಯನ ತಲೆಗೆ ಒಂದು ಏಟು ಕೊಡುವಷ್ಟು ಧೈರ್ಯ ಬಂತು. ಈ ಏಟಿನ ಬಗ್ಗೆ ಕ್ರೌದರ್ ಆಮೇಲೆ ಪಾದ್ರಿಯಾಗಿ ಕೊಂಚ ನಾಚಿಕೊಂಡೇ ಬರೆಯುತ್ತಾನೆ. ನಾವೇನೂ ನಾಚಿಕೊಳ್ಳಲಿಲ್ಲ, ಓದುತ್ತಾ ಪುಸ್ತಕ ಕೆಳಗಿಟ್ಟು ನಕ್ಕೆವು.

ಜೂನಿನಲ್ಲಿ ಸಿಯೆರಾ ಲಿಯೋನ್‌ನಲ್ಲಿ ಇಳಿಸಿದರು. ಬಾಥರ್ಸ್ಟ್ ಎಂಬ ಹಳ್ಳಿಗೆ ಕಳಿಸಿದರು. ಕೆಲವು ದಿನ ಕಳೆದ ಮೇಲೆ ಫ್ರೀಟೌನಿನಿಂದ ಕರೆ ಬಂತು, ಮಿಶ್ರ ಆಯೋಗದ ಕೋರ್ಟಿನಲ್ಲಿ ಒಡೆಯನ ವಿರುದ್ಧ ಸಾಕ್ಷಿ ಹೇಳಬೇಕು. ಅಷ್ಟರಲ್ಲಿ ಯಾರೋ ಪಿಸುಗುಟ್ಟಿದ್ದರು: ಅಲ್ಲಿ ಹೋದರೆ ನಿಮ್ಮನ್ನು ಅವನಿಗೇ ವಾಪಸ್ ಒಪ್ಪಿಸುತ್ತಾರೆ. ಹುಡುಗರು ಬರುವುದಿಲ್ಲ ಅಂತ ಕೂತರು. ಪಾದ್ರಿ ಎಷ್ಟು ಹೇಳಿದರೂ ಕೇಳಲಿಲ್ಲ. ಹೊತ್ತುಕೊಂಡು ಹೋದರೆ ಹೋಗಿ, ನಾವಾಗಿ ನಡೆಯುವುದಿಲ್ಲ ಅಂದರು. ಹೊತ್ತು ಮೀರುತ್ತಾ ಬಂತು. ಕೊನೆಗೆ ಚಾಟಿಯಲ್ಲಿ ಹೊಡೆದು ಹೊರಡಿಸಿದರು. ಸಾಯಂಕಾಲ ತಿರುಗಿ ಬಾಥರ್ಸ್ಟಿಗೆ, ಗೆಳೆಯರ ಹತ್ತಿರ ಬಂದಾಗ ಆದ ಸಂತೋಷ ಸಣ್ಣದಲ್ಲ ಅಂತ 1837ರಲ್ಲಿ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

ಗೆಳೆಯರೇ, ಮೊದಲ ಮಾನವ ಹಕ್ಕುಗಳ ಕೋರ್ಟಿಗೆ ಸಾಕ್ಷಿಗಳು ಹೋದದ್ದು ಹೀಗೆ. ನಮಗೆ ಜೋಳದ ಹೊಲ ನೆನಪಾಯಿತು. ಆ ಹುಡುಗರ ಭಯ ಬರೀ ತಿಳಿಗೇಡಿತನ ಅನ್ನುವಂತಿಲ್ಲ. ‘ಮರಿಯಾ ದ ಗ್ಲೋರಿಯಾ’ದ ಜನರನ್ನು ಹನ್ನೆರಡು ವರ್ಷದ ಮೇಲೆ ಅದೇ ಫ್ರೀಟೌನಿನ ಕೋರ್ಟೇ ಒಡೆಯನಿಗೆ ಒಪ್ಪಿಸಿತಲ್ಲ. ನ್ಯಾಯಾಧೀಶರ ಮನಸ್ಸಿನಲ್ಲಿ ಏನಿತ್ತೋ, ಹುಡುಗರಿಗೆ ಆ ಕೋರ್ಟಿನ ಗುಣ ಗೊತ್ತಾಗಿತ್ತು. ಕೇಸು ತಮ್ಮದಲ್ಲ, ತೀರ್ಪು ಯಾವ ಕಡೆ ಬಿದ್ದರೂ ತಮ್ಮನ್ನು ಕೇಳಿ ಬೀಳುವುದಿಲ್ಲ.

ಕ್ರೌದರ್ ಮುಂದೆ ಫೌರಾ ಬೇ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬನಾದ. ಬೈಬಲನ್ನು ಯೊರುಬಾ ಭಾಷೆಗೆ ತಂದ. 1864ರಲ್ಲಿ ಬಿಷಪ್ ಆದ, ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್. ಮುದುಕನಾದ ಮೇಲೆ 1890ರಲ್ಲಿ ಬಿಳಿಯ ಮಿಷನರಿ ಹುಡುಗರು ಬಂದು ಅವನ ಕೈಕೆಳಗಿನವರನ್ನೆಲ್ಲ ಕಿತ್ತುಹಾಕಿ ಅವಮಾನ ಮಾಡಿದರು. ಮರುವರ್ಷ ಸತ್ತ. ಮೊದಲ ತಲೆಮಾರಿನ ಪದವೀಧರರ ಪಾಡು ಎಲ್ಲ ಖಂಡದಲ್ಲೂ ಒಂದೇ ಅಂತ ಕಾಣುತ್ತದೆ.

ಅವನದು ಅಪರೂಪದ ಕಥೆ. ಉಳಿದವರದು? ಹವಾನಾದಲ್ಲಿ ಬಿಡುಗಡೆಯಾದವರನ್ನು ಐದು ವರ್ಷ ಕೆಲಸ ಕಲಿಯಲಿ ಅಂತ ಧಣಿಗಳಿಗೆ ಹಂಚಿದರು. ಐದು ಹತ್ತಾಯಿತು, ಹತ್ತು ಹದಿನೈದಾಯಿತು. ಬ್ರೆಜಿಲಿನಲ್ಲಿ ಹದಿನಾಲ್ಕು ವರ್ಷ ಅಂತಲೇ ನಿಯಮ. ಫ್ರೀಟೌನಿನಲ್ಲಿ ಗಂಡಸರನ್ನು ಸೈನ್ಯಕ್ಕೆ, ಮಕ್ಕಳನ್ನು ಮನೆಚಾಕರಿಗೆ ಕೊಟ್ಟರು. 1840ರ ದಶಕದಲ್ಲಿ ಅನೇಕರನ್ನು ವೆಸ್ಟ್ ಇಂಡೀಸಿನ ಕಬ್ಬಿನ ಗದ್ದೆಗಳಿಗೇ ಕೂಲಿಗಳಾಗಿ ಹಡಗು ಹತ್ತಿಸಿದರು. ಮಾರ್ಟಿನೆಜ್ ಇದನ್ನು ಮುಚ್ಚಿಟ್ಟಿಲ್ಲ. ಆದರೆ ಆಕೆಯ ಪುಸ್ತಕದಲ್ಲಿ ಇದು ಕೋರ್ಟಿನ ಕೊರತೆಯಾಗಿ ಬರುತ್ತದೆ. ನಮಗೆ ಇದು ಕೊರತೆಯಲ್ಲ, ಕೋರ್ಟಿನ ಕಟ್ಟಡವೇ ಹೀಗಿತ್ತು ಅನ್ನಿಸುತ್ತದೆ. ಕೇಸು ಹಡಗಿನದಾದರೆ ಪರಿಹಾರವೂ ಹಡಗಿಗೆ ಸಂಬಂಧಪಟ್ಟದ್ದೇ ಆಗುತ್ತದೆ. ಒಳಗಿದ್ದವನಿಗೆ ನೆಲ ಬೇಕೇ, ಕೂಲಿ ಬೇಕೇ, ಮನೆಗೆ ಹೋಗಬೇಕೇ ಎಂಬ ಪ್ರಶ್ನೆಗೆ ಅಲ್ಲಿ ಕಾಲಮ್ಮೇ ಇಲ್ಲ.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಒಡೆಯರಿಗೆ. ಗುಲಾಮರಿಗೆ ಒಂದು ಪೆನ್ನಿ ಇಲ್ಲ. ಆ ಪರಿಹಾರಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಇನ್ನೂ ಒಂದು ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಆ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ನೆಲಕ್ಕೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿತ್ತು. ಕಂಪನಿಯ ನೆಲ ಅಂದರೆ ಮಲಬಾರು, ನಮ್ಮ ಕೆನರಾ. 1801ರಲ್ಲಿ ಬುಕನನ್ ಎಂಬ ಕಂಪನಿಯ ಡಾಕ್ಟರು ತುಳುನಾಡಿನಲ್ಲಿ ತಿರುಗಾಡಿ ಇಲ್ಲಿ ಗುಲಾಮರಿದ್ದಾರೆ ಅಂತ ಬರೆದುಕೊಂಡು ಹೋಗಿದ್ದ. ಗೊತ್ತಿರಲಿಲ್ಲ ಅಂತಲ್ಲ. 1843ರಲ್ಲಿ ಐದನೇ ಆಕ್ಟು ಬಂತು: ಇನ್ನು ಮುಂದೆ ಗುಲಾಮ ಎಂಬ ಹಕ್ಕುದಾರಿಯನ್ನು ಯಾವ ಕೋರ್ಟೂ ಮಾನ್ಯ ಮಾಡುವುದಿಲ್ಲ. ಅಷ್ಟೆ. ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧವಾದದ್ದು 1860ರ ದಂಡಸಂಹಿತೆಯಲ್ಲಿ.

ಅದಾಗಿ 34 ವರ್ಷದ ಮೇಲೆ, 1894ರಲ್ಲಿ ಸ್ಟರಾಕ್ ಎಂಬ ಅಧಿಕಾರಿ ದಕ್ಷಿಣ ಕನ್ನಡದ ಜಿಲ್ಲಾ ಕೈಪಿಡಿ ಬರೆದ. ಅದರಲ್ಲಿ ನಮ್ಮ ಜನ ಎರಡು ಬಗೆ ಅಂತಾನೆ: ‘ಮೂಲದ ಹೊಲೆಯ’ ಮತ್ತು ‘ಸಾಲದ ಹೊಲೆಯ’. ಮೂಲದವರು ತಲೆತಲಾಂತರದಿಂದ ವರ್ಗದ ಜಮೀನಿಗೆ ಅಂಟಿಕೊಂಡವರು, ಸಾಲದವರು ಸಾಲಕ್ಕೆ ಕಟ್ಟುಬಿದ್ದವರು. ಕಾನೂನಿನಲ್ಲಿ ಗುಲಾಮಗಿರಿ ಸತ್ತಿತ್ತು. ಹೊಲದಲ್ಲಿ ಅದು ಎರಡು ಹೆಸರಿಟ್ಟುಕೊಂಡು ಬದುಕಿತ್ತು. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ. ಫ್ರೀಟೌನಿನ ಕೋರ್ಟಿನಿಂದ ಇಲ್ಲಿಗೆ ಅಳತೆ ಹಾಕಿ. ಅರಬ್ಬೀ ಸಮುದ್ರ ದಾಟುವ ಹೊತ್ತಿಗೆ ಮಾನವೀಯತೆಗೆ ಯಾಕೆ ಅಷ್ಟು ಸುಸ್ತಾಗುತ್ತಿತ್ತು?

ಈ ಪ್ರಶ್ನೆ ಇಟ್ಟುಕೊಂಡೇ ಗ್ಯಾರಿ ಬಾಸರ ಪುಸ್ತಕಕ್ಕೆ ಬಂದೆವು. ಅದರ ಮುಖ್ಯ ಕಥೆಗಳು ಮೂರು. ಗ್ರೀಕರು ತುರ್ಕರ ವಿರುದ್ಧ ಎದ್ದಾಗ 1827ರ ಅಕ್ಟೋಬರಿನಲ್ಲಿ ನವರಿನೋ ಕೊಲ್ಲಿಯಲ್ಲಿ ಇಂಗ್ಲೆಂಡ್, ಫ್ರಾನ್ಸ್, ರಷ್ಯಾ ಸೇರಿ ತುರ್ಕಿ-ಈಜಿಪ್ಟ್ ನೌಕಾದಳವನ್ನು ಮುಳುಗಿಸಿದ್ದು. 1860ರಲ್ಲಿ ಸಿರಿಯಾ-ಲೆಬನಾನಿನ ಕ್ರೈಸ್ತರ ಕಗ್ಗೊಲೆಯಾದಾಗ ಫ್ರಾನ್ಸ್ ಸೈನ್ಯ ಇಳಿಸಿದ್ದು. 1876ರಲ್ಲಿ ಬಲ್ಗೇರಿಯಾದ ಹಳ್ಳಿಗಳಲ್ಲಿ ತುರ್ಕರ ಪಡೆಗಳು ನಡೆಸಿದ ಹತ್ಯೆಯ ವಿರುದ್ಧ ಇಂಗ್ಲೆಂಡಿನಲ್ಲಿ ಎದ್ದ ಕೂಗು. ಬಾಸ್ ಹೇಳುವುದರಲ್ಲಿ ತಿರುಳಿದೆ. ಇದೆಲ್ಲ ಬರೀ ಸಾಮ್ರಾಜ್ಯಶಾಹಿ ನಾಟಕವಲ್ಲ, ಪತ್ರಿಕೆಗಳಿದ್ದವು, ಸಭೆ ಸೇರುವ ಜನರಿದ್ದರು, ಒಲ್ಲದ ಸರ್ಕಾರಗಳನ್ನು ಜನಾಭಿಪ್ರಾಯ ತಳ್ಳಿತು ಅನ್ನುತ್ತಾರೆ. ಮ್ಯಾಕ್‌ಗಹನ್ ಎಂಬ ವರದಿಗಾರ ಬಟಾಕ್ ಎಂಬ ಊರಿಗೆ ಹೋಗಿ ಹೆಣಗಳ ರಾಶಿ ಕಂಡು ಬರೆದ. ಗ್ಲಾಡ್‌ಸ್ಟನ್ ಬರೆದ ಕಿರುಹೊತ್ತಗೆ ಲಕ್ಷಗಟ್ಟಲೆ ಖರ್ಚಾಯಿತು. ಪತ್ರಿಕೆ, ಪುಸ್ತಿಕೆ, ಬಯಲು ಸಭೆ: ನಮ್ಮ ಚಳವಳಿಯ ಆಯುಧಗಳೂ ಇವೇ. ಹಾಗಾಗಿ ಇದನ್ನು ಹೀಯಾಳಿಸಲು ನಮಗೆ ಮನಸ್ಸಿಲ್ಲ.

ಆದರೆ 1876 ಅಂದಕೂಡಲೆ ನಮ್ಮ ಕಡೆಯ ಹಳಬರ ಬಾಯಲ್ಲಿ ಬರುವುದು ಬಟಾಕ್ ಅಲ್ಲ, ಧಾತು ಬರ. ಧಾತು ಸಂವತ್ಸರ, ಈಶ್ವರ ಸಂವತ್ಸರ, ಎರಡು ವರ್ಷ ಮಳೆ ಕೈಕೊಟ್ಟಿತು. ಆಗ ಮೈಸೂರು ಸೀಮೆ ಇಂಗ್ಲಿಷ್ ಕಮಿಷನರರ ನೇರ ಆಳ್ವಿಕೆಯಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸೀಮೆ 1881ರಲ್ಲಿ 42 ಲಕ್ಷದೊಳಗೆ ಇಳಿಯಿತು. ಮೊದಲು ಸತ್ತವರು ಯಾರು ಅಂತ ಕೇಳಬೇಕಾಗಿಲ್ಲ, ನೆಲ ಇಲ್ಲದವರು, ಬಾವಿ ಇಲ್ಲದವರು. 1877ರ ಜನವರಿ ಒಂದರಂದು ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಅಂತ ಸಾರುವ ದರ್ಬಾರು ನಡೆಸಿದ. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ ಪರಿಹಾರದ ಕಾಮಗಾರಿಯಲ್ಲಿ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕು ಅಂತ ಗೊತ್ತು ಮಾಡಿದ. ಅರ್ಧ ಸೇರಿನಷ್ಟು ಕಾಳು, ಮೇಲೆ ಒಂದಾಣೆ. ಅಷ್ಟಕ್ಕೆ ದಿನವಿಡೀ ಕಲ್ಲು ಒಡೆಯಬೇಕು.

ಬಾಸರ ಪುಸ್ತಕದಲ್ಲಿ ಬಲ್ಗೇರಿಯಾಕ್ಕೆ ಅಧ್ಯಾಯಗಳಿವೆ, ಧಾತು ಬರಕ್ಕೆ ಇಲ್ಲ. ಇರಬೇಕಾಗಿಯೂ ಇಲ್ಲ ಅನ್ನಬಹುದು, ಅವರ ವಸ್ತು ಸೈನಿಕ ಮಧ್ಯಪ್ರವೇಶ. ಅದೇ ನಮ್ಮ ಮಾತು. ಬಲ್ಗೇರಿಯನ್ನರನ್ನು ಕೊಂದವನು ಪರದೊರೆ, ಆದ್ದರಿಂದ ಅದು ಮಧ್ಯಪ್ರವೇಶದ ಪ್ರಶ್ನೆ. ನಮ್ಮನ್ನು ಉಪವಾಸ ಕೆಡವಿದವನು ಅದೇ ಇಂಗ್ಲೆಂಡು, ಆದ್ದರಿಂದ ಅದು ಆಡಳಿತದ ಪ್ರಶ್ನೆ. ಲಂಡನ್ನಿನ ಮೇಯರು 1877ರಲ್ಲಿ ನಮಗಾಗಿ ಚಂದಾ ಎತ್ತಿದ. ಜನ ಕೊಟ್ಟರು ಕೂಡ. ಮದ್ರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿಯಂಥವರು ಹಗಲಿರುಳು ದುಡಿದು, ಕಂಡದ್ದನ್ನೆಲ್ಲ ಬರೆದಿಟ್ಟರು. ಅವರನ್ನು ನೆನೆಯುತ್ತೇವೆ. ಆದರೂ ಬಲ್ಗೇರಿಯನ್ನರಿಗೆ ಸಿಕ್ಕಿದ್ದು ಹಕ್ಕಿನ ಮಾತು, ನಮಗೆ ಸಿಕ್ಕಿದ್ದು ಚಂದಾ. ಮಾನವೀಯತೆಯ ಚರಿತ್ರೆ ಬರೆಯುವವರು ಈ ಎರಡು ಲೆಕ್ಕವನ್ನು ಒಂದೇ ಪುಟದಲ್ಲಿ ಇಟ್ಟು ನೋಡಬೇಕಿತ್ತು.

ಎರಡೂ ಪುಸ್ತಕಗಳ ನಡುಮನೆಯಲ್ಲಿ ಹೈಟಿಗೂ ಜಾಗವಿಲ್ಲ. ಯುರೋಪಿನ ನ್ಯಾಯಾಧೀಶರು ಗೆರೆ ಅಳೆಯುವುದಕ್ಕೆ ಎಷ್ಟೋ ಮೊದಲು, 1791ರಲ್ಲಿ, ಅಲ್ಲಿನ ಗುಲಾಮರು ಕಬ್ಬಿನ ಗದ್ದೆಗೆ ಬೆಂಕಿ ಇಟ್ಟು ಎದ್ದರು. 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. 1816ರ ಅವರ ಸಂವಿಧಾನದ 44ನೇ ವಿಧಿ, ಆಫ್ರಿಕದವರಾಗಲಿ ಅಮೆರಿಕದ ಮೂಲನಿವಾಸಿಗಳಾಗಲಿ ಯಾವ ನಾಡಿನಿಂದ ಬಂದು ಇಲ್ಲಿ ನೆಲೆಸಿದರೂ ಅವರು ಹೈಟಿಯವರೇ ಅಂತ ಸಾರಿತು. ಮರುವರ್ಷ ಜಮೈಕಾದಿಂದ ಕೆಲವು ಗುಲಾಮರು ಹಡಗು ಸಮೇತ ತಪ್ಪಿಸಿಕೊಂಡು ಬಂದರು. ಒಡೆಯ ಹಿಂದೆಯೇ ಬಂದು ಕೇಳಿದ. ಅಧ್ಯಕ್ಷ ಪೆಶಿಯೋಂ ಜನರನ್ನು ಕೊಡಲಿಲ್ಲ, ಇವರು ಈಗ ನಮ್ಮ ಪ್ರಜೆಗಳು ಅಂದ. ಅದು ಇಂಗ್ಲೆಂಡು ಸ್ಪೇನು ಪೋರ್ಚುಗಲ್ಲುಗಳ ಜೊತೆ ಕೋರ್ಟಿನ ಒಪ್ಪಂದಕ್ಕೆ ಸಹಿ ಹಾಕಿದ ಅದೇ 1817. ಇಲ್ಲಿ ತಲೆಗೆ ಇಷ್ಟು ಪೌಂಡಿಲ್ಲ, ಹದಿನಾಲ್ಕು ವರ್ಷದ ಚಾಕರಿ ಇಲ್ಲ, ಗೆರೆ ಇಲ್ಲ. ಕಾಲಿಟ್ಟವನು ಪ್ರಜೆ. ಇದಕ್ಕೆ ಹೈಟಿಗೆ ಸಿಕ್ಕ ಬಹುಮಾನ? 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ನಮ್ಮ ತೋಟಗಾರರ ನಷ್ಟ ತುಂಬಿಕೊಡಿ ಅಂತ 15 ಕೋಟಿ ಫ್ರಾಂಕ್ ದಂಡ ಹಾಕಿತು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿತು. ಅದೂ ಒಂದು ದೇಶ ಇನ್ನೊಂದರ ಮೇಲೆ ಮಾಡಿದ ಮಧ್ಯಪ್ರವೇಶವೇ. ಅದಕ್ಕೆ ಮಾನವೀಯ ಅಂತ ಯಾರೂ ಹೆಸರಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಇದನ್ನೆಲ್ಲ ಓದಿ ಕೆಲವು ಗೆಳೆಯರು, ಹಾಗಾದರೆ ಈ ಅಂತರರಾಷ್ಟ್ರೀಯ ಕೋರ್ಟುಗಳನ್ನೆಲ್ಲ ಬಿಸಾಕೋಣ, ಎಲ್ಲ ಬಿಳಿಯರ ಬೂಟಾಟಿಕೆ ಅಂದರು. ನಾವು ಒಪ್ಪುವುದಿಲ್ಲ. ಬಿಸಾಕುವ ಐಷಾರಾಮ ಊರಿನವರಿಗಿದೆ, ಕೇರಿಯವರಿಗಿಲ್ಲ. 1946ರಲ್ಲಿ ಅಂಬೇಡ್ಕರರು ಅಮೆರಿಕದ ಕರಿಯ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ನೀಗ್ರೋಗಳು ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕಳಿಸಿಕೊಡಿ, ಅಸ್ಪೃಶ್ಯರೂ ಹಾಗೆ ಮಾಡಬೇಕೆಂದಿದ್ದಾರೆ ಅಂತ ಕೇಳಿದ್ದರು. ಡುಬಾಯ್ಸ್ ಉತ್ತರ ಬರೆದರು. ಜಗತ್ತಿನ ಬಾಗಿಲು ತಟ್ಟುವುದರಲ್ಲಿ ಅಂಬೇಡ್ಕರರಿಗೆ ಸಂಕೋಚವಿರಲಿಲ್ಲ. 2001ರಲ್ಲಿ ಡರ್ಬನ್ ಸಮ್ಮೇಳನಕ್ಕೆ ನಮ್ಮ ಜನ ಹೋದರು, ಜಾತಿಯ ಮಾತು ದಾಖಲೆಯಲ್ಲಿ ಬರಲಿ ಅಂತ. ಇದು ನಮ್ಮ ಮನೆಯ ವಿಷಯ ಅಂತ ಭಾರತ ಸರ್ಕಾರ ಅಡ್ಡ ನಿಂತಿತು. ಅಟ್ಲಾಂಟಿಕ್ ಗುಲಾಮ ವ್ಯಾಪಾರ ಮಾನವತೆಯ ವಿರುದ್ಧದ ಅಪರಾಧ ಅಂತ ಆ ಸಮ್ಮೇಳನದ ಘೋಷಣೆಯಲ್ಲಿ ಬರೆದರು, ಜಾತಿ ಎಂಬ ಪದ ಮಾತ್ರ ಬರಲಿಲ್ಲ. ಮನೆಯ ವಿಷಯ ಅನ್ನುವ ಮಾತು ‘ಲೂಯಿ’ ಹಡಗಿನ ತೀರ್ಪಿನಷ್ಟು ಹಳೆಯದು.

ಕೋರ್ಟುಗಳು ಬದಲಾಗಿಲ್ಲ ಅಂತಲೂ ಹೇಳಲಾರೆವು. ಫ್ರೀಟೌನಿನಲ್ಲಿ ಕಟಕಟೆಯಲ್ಲಿ ನಿಂತದ್ದು ಹಡಗು. ನ್ಯೂರೆಂಬರ್ಗಿನಲ್ಲಿ ಕೊಂದವನೇ ನಿಂತ. ಉಳಿದು ಬಂದವರು ಅಲ್ಲಿ ಸಾಕ್ಷಿಗಳಷ್ಟೆ. 1998ರಲ್ಲಿ ರೋಮಿನಲ್ಲಿ ಒಪ್ಪಿದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಕಾನೂನಿನಲ್ಲಿ ಮೊದಲ ಸಲ ನೊಂದವರು ತಮ್ಮದೇ ವಕೀಲರ ಮೂಲಕ ವಿಚಾರಣೆಯಲ್ಲಿ ಮಾತಾಡಬಹುದು, ಪರಿಹಾರ ಕೇಳಬಹುದು ಅಂತ ಬಂತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆ ಕೋರ್ಟಿನ ಮೊದಲ ಹತ್ತು ವರ್ಷ ಅಲ್ಲಿ ಆಪಾದಿತರಾಗಿ ಹೆಸರು ಕಂಡವರೆಲ್ಲ ಆಫ್ರಿಕದವರೇ ಅನ್ನೋದೂ ನಿಜ. ಆದರೂ ಹಡಗಿನಿಂದ ಮನುಷ್ಯನವರೆಗೆ ಬರಲು 180 ವರ್ಷ ಹಿಡಿಯಿತು ಅನ್ನೋ ಈ ಕಥೆಯನ್ನು ಮಾರ್ಟಿನೆಜ್ ಹೇಳಬಹುದಾಗಿತ್ತು. ಹುಟ್ಟಿದ್ದು ಯಾವಾಗ ಎಂಬ ಜಾತಕ ಬರೆಯುವುದರಲ್ಲಿ ಆಕೆಯ ಶ್ರಮವೆಲ್ಲ ಖರ್ಚಾಗಿದೆ.

ಕ್ರೌದರ್ 1837ರಲ್ಲಿ ಬರೆದ ಪತ್ರವನ್ನು ನಮ್ಮ ಗೆಳೆಯರ ಗುಂಪು ಈಗ ಕನ್ನಡಕ್ಕೆ ತರುತ್ತಿದೆ. ಹಾಸ್ಟೆಲಿನ ಹುಡುಗರು ಓದುವಂತಿರಬೇಕು ಅಂತ ಆಸೆ. ಕೋರ್ಟಿಗೆ ಹೊರಡಿಸುವ ಆ ಸಾಲಿನಲ್ಲಿ ಚಾಟಿ ಅಂತ ಬರೆಯಬೇಕೋ ಬಾರುಕೋಲು ಅಂತ ಬರೆಯಬೇಕೋ ಎಂಬ ಜಗಳ ಇನ್ನೂ ತೀರಿಲ್ಲ. ಬಾರುಕೋಲು ಅಂದರೆ ನಮ್ಮ ಕಡೆಯ ಮುದುಕರಿಗೆ ಬೇಗ ಗೊತ್ತಾಗುತ್ತದೆ.